ಜಪಾನ್ ಕಚೇರಿಯಲ್ಲಿ ಅವ್ವಿ ಕೊಟ್ಟ ಅರ್ಜಿ

ಹೋದ ತಿಂಗಳು ಹೊನ್ನಾವರದ ಬಂದರಿನ ಹಿಂದಿರುವ ರಂಗಮಂದಿರದೊಳಗೆ ಕಾಲಿಟ್ಟೆ. ಇಷ್ಟು ವರ್ಷ ಅದರ ಎದುರಿನ ರಸ್ತೆಯಲ್ಲೇ ಓಡಾಡಿದ್ದೇನೆ, ಒಳಗೆ ಹೋಗಿರಲಿಲ್ಲ. ಹೋಗಬಾರದು ಎಂದೇ ಹೋಗಿರಲಿಲ್ಲ. ಅದನ್ನು ಕಟ್ಟಿದ ಕಲಾ ಮಂಡಳಿಯ ಈಗಿನ ಕಾರ್ಯದರ್ಶಿ ಪ್ರಶಾಂತ ನನ್ನ ಹತ್ತಿರ ಕಲಿತವನು. "ಅಕ್ಕೋರೇ, ಸುಮ್ಮನೆ ಒಂದು ಗಳಿಗೆ ಬಂದು ಹೋಗಿ" ಎಂದು ಮನೆ ಬಾಗಿಲಿಗೆ ಕಾರು ತಂದು ನಿಲ್ಲಿಸಿದ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಹಾಗೆ ಕರೆದವರಿಗೆ ಬೇಡ ಎನ್ನಲು ನನ್ನಿಂದಾಗುವುದಿಲ್ಲ. ಬಾಗಿಲು ದಾಟಿದ್ದೇ ತಡ, ಫಿನೈಲ್ ವಾಸನೆ ಮೂಗಿಗೆ ಹೊಡೆಯಿತು. ಯಾವುದೋ ಕಾರ್ಯಕ್ರಮಕ್ಕೆಂದು ನೆಲ ಒರೆಸಿದ್ದರು. ಬೇರೆಯವರಿಗೆ ಅದು ಚೊಕ್ಕಟದ ವಾಸನೆ ಇರಬಹುದು. ನನಗೆ ಸಿಟ್ಟು ಬಂತು.

ಸಿಟ್ಟಿಗೆ ತಕ್ಕಂತೆ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಕಪ್ಪು ಬಿಳುಪಿನದು, ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ್ದಾರೆ. ವೇದಿಕೆಯ ಮೇಲೆ ಉದ್ದನೆಯ ತಂತಿವಾದ್ಯದ ಎದುರು ಮೊಣಕಾಲು ಮಡಚಿ ಕುಳಿತ ಜಪಾನಿನ ಮನುಷ್ಯ. ಪಕ್ಕದಲ್ಲಿ ಶಾಲು ಹೊದ್ದ, ಮಂಡಳಿಯ ಆಗಿನ ಅಧ್ಯಕ್ಷ ಪ್ರೊಫೆಸರ್ ಅನಂತರಾಮಯ್ಯ. ಕೆಳಗೆ ಮರಳಿನ ಮೇಲೆ ಹೆಂಗಸರ ಸಾಲು. ಆ ಸಾಲಿನ ನಡುವೆ ಒಬ್ಬಳು ಎದ್ದು ನಿಂತು ಬಲಗೈ ಎತ್ತಿದ್ದಾಳೆ. ಅವಳು ನನ್ನ ಅವ್ವಿ, ಹೆತ್ತ ತಾಯಿ, ನಾಗಿ. ಕೆಳಗೆ ಬಂಗಾರ ಬಣ್ಣದ ಅಕ್ಷರದಲ್ಲಿ ಹೀಗೆ ಬರೆದಿದ್ದಾರೆ: 'ಜಪಾನೀ ಸಂಗೀತಕ್ಕೆ ಮನಸೋತು ಕಲಾವಿದರನ್ನು ಅಭಿನಂದಿಸುತ್ತಿರುವ ಮೀನುಗಾರ ಮಹಿಳೆ.'

ಮನಸೋತಳಂತೆ! ನನ್ನ ಅವ್ವಿ ಯಾವುದಕ್ಕೂ ಯಾರಿಗೂ ಮನಸೋತವಳಲ್ಲ. ನಾನು ಶಾಲೆಗೆ ಮೊದಲಿಗಳಾಗಿ ಬಂದಾಗಲೂ "ಉಪ್ಪು ತೊಳ್ದು ಬಂದ್ಯಾ ಇಲ್ವಾ?" ಎಂದು ಕೇಳಿದವಳು ಅವಳು.

ಪ್ರಶಾಂತನಿಗೆ ನನ್ನ ಮುಖ ಓದಲು ಬರಲಿಲ್ಲ. ಮಂಡಳಿ ಒಂದು ಸ್ಮರಣ ಸಂಚಿಕೆ ತರುತ್ತಿದೆಯಂತೆ. ಎಪ್ಪತ್ತರ ದಶಕದ ಕೊನೆಗೆ ಕುಮಟೆ, ಹೊನ್ನಾವರ, ಭಟ್ಕಳ ಮೂರೂ ಊರಲ್ಲಿ ನಡೆದ ಜಪಾನೀ ಸಂಗೀತದ ಮಾಲಿಕೆ ಮಂಡಳಿಯ ಹೆಮ್ಮೆಯಂತೆ. ಅದನ್ನು ಕಣ್ಣಾರೆ ಕಂಡವರಲ್ಲಿ ಊರಿನಲ್ಲಿ ಉಳಿದವಳು ನಾನೊಬ್ಬಳೇ, ಒಂದು ಸವಿನೆನಪು ಬರೆದುಕೊಡಬೇಕಂತೆ. ಸವಿ ನನ್ನ ಹತ್ತಿರ ಇಲ್ಲ. ನೆನಪು ಬೇಕಾದಷ್ಟಿದೆ, ಬರೆಯುತ್ತೇನೆ.

ಈ ರಂಗಮಂದಿರ ನಿಂತ ಜಾಗ ಆಗ ಬರೀ ಮರಳು. ಒಂದು ಕಡೆ ಬಂದರಿನ ದಾರಿ, ಇನ್ನೊಂದು ಕಡೆ ಶರಾವತಿಯ ಅಳಿವೆಯಿಂದ ಬೀಸುವ ಗಾಳಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಅಡ್ಡಿಯಿಲ್ಲದ ಬಿಸಿಲು. ಮೀನು ಒಣಗಿಸಲು ಇದಕ್ಕಿಂತ ಒಳ್ಳೆಯ ಜಾಗ ಹೊನ್ನಾವರದಲ್ಲಿ ಇರಲಿಲ್ಲ. ಜಾಗದ ಹಿರಿಯ ಒಡೆಯರು ಬದುಕಿದ್ದಾಗ "ಒಣಗಿಸ್ಕಣಿ, ನಂಗೆ ಬಂಗಡೆ ಕೊಟ್ರೆ ಆತು" ಎಂದಿದ್ದರು. ಆ ಮಾತಿನ ಮೇಲೆ ನನ್ನ ಅಜ್ಜಿಯ ಕಾಲದಿಂದ ನಮ್ಮ ಕೇರಿಯ ಹೆಂಗಸರು ಅಲ್ಲಿ ಬದುಕು ಮಾಡಿಕೊಂಡು ಬಂದಿದ್ದರು. ಹಿರಿಯರು ತೀರಿಕೊಂಡ ಮೇಲೆ ಜಾಗ ಮಗನ ಕೈಗೆ ಬಂತು. ಮಗನಿಗೆ ಮೀನಿಗಿಂತ ಮಾನ ಸನ್ಮಾನ ರುಚಿ.

ಆ ವರ್ಷ ನಮಗೆ ಮೊದಲೇ ಕೆಟ್ಟಿತ್ತು. ದಡದಲ್ಲಿ ಕೇರಿಗೆ ಕೇರಿಯೇ ನಿಂತು ಎಳೆಯುವ ರಂಪಣಿ ಬಲೆ ನಮ್ಮದು. ಇಂಜಿನ್ ಇಟ್ಟ ಪರ್ಸೀನ್ ಬೋಟುಗಳು ಬಂದು, ಮೀನು ದಡಕ್ಕೆ ಬರುವ ಮೊದಲೇ ನಡುಗಡಲಲ್ಲಿ ಬಳಿದುಕೊಂಡು ಹೋಗುತ್ತಿದ್ದವು. ಅಪ್ಪ ದಿನವಿಡೀ ಹಗ್ಗ ಎಳೆದು ಜೊಂಡು, ಲೋಳೆ ಮೀನು ತಂದು ಚೆಲ್ಲುತ್ತಿದ್ದ. ಆಮೇಲೆ ಹೆಚ್ಚು ಮಾತಾಡುವುದನ್ನೇ ಬಿಟ್ಟ. ಬೋಟಿನವರು ಹೆಚ್ಚಾಗಿ ಬಿದ್ದ ತಾರ್ಲೆ, ಬಂಗಡೆ ಮೀನನ್ನು ಬಂದರಿನಲ್ಲಿ ಅಗ್ಗಕ್ಕೆ ಸುರಿಯುವಾಗ ಹೆಂಗಸರು ಬುಟ್ಟಿ ಹಿಡಿದು ಓಡುತ್ತಿದ್ದರು. ಹಿಡಿಯುವ ಕೆಲಸ ಗಂಡಸರ ಕೈ ತಪ್ಪಿತ್ತು, ಒಣಗಿಸುವ ಕೆಲಸ ಹೆಂಗಸರ ಕೈಯಲ್ಲಿ ಉಳಿದಿತ್ತು. ಮರಳಿನ ಆ ಜಾಗ ಇದ್ದರೆ ಮಳೆಗಾಲಕ್ಕೆ ಅಕ್ಕಿ, ಇಲ್ಲದಿದ್ದರೆ ಇಲ್ಲ. ನಮ್ಮ ಸ್ಥಿತಿ ಅಷ್ಟು ಸರಳವಾಗಿತ್ತು.

ನಾನು ಮಾಸ್ತರಿಕೆಯ ತರಬೇತಿ ಮುಗಿಸಿ ಕೆಲಸದ ಆರ್ಡರಿಗೆ ಕಾಯುತ್ತ ಮನೆಯಲ್ಲಿದ್ದೆ. ಕಾಯುವವಳಿಗೆ ಅವ್ವಿ ಪುರುಸೊತ್ತು ಕೊಡಲಿಲ್ಲ. ಬಂಗಡೆಯ ಬೆನ್ನು ಸೀಳಿ, ಕರುಳು ತೆಗೆದು, ಉಪ್ಪು ಮೆತ್ತಿ ಒಂದು ರಾತ್ರಿ ತೊಟ್ಟಿಯಲ್ಲಿಡಬೇಕು. ಬೆಳಗಾದರೆ ಹೊಳೆಯಲ್ಲಿ ತೊಳೆದು ತೆಂಗಿನ ಮಡಲಿನ ಮೇಲೆ ಹರಡಬೇಕು, ಮಧ್ಯಾಹ್ನ ಮಗುಚಬೇಕು, ಇಬ್ಬನಿ ಬೀಳುವುದರೊಳಗೆ ಒಟ್ಟು ಮಾಡಬೇಕು. ನಡುವೆ ಕಾಗೆ, ನಾಯಿ ಓಡಿಸಬೇಕು. ಉಪ್ಪಿಗೆ ನನ್ನ ಬೆರಳ ಸಂದಿ ಒಡೆದು ಉರಿಯುತ್ತಿತ್ತು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡರೆ ಅವ್ವಿ "ಮದ್ಲಗಿತ್ತಿ" ಎಂದು ಹಂಗಿಸುತ್ತಿದ್ದಳು.

ಮಾಗಿಯ ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ ಅನಂತರಾಮಯ್ಯನವರು ಅಲ್ಲಿಗೆ ಬಂದರು. ಮೈಸೂರು ಕಡೆಯಿಂದ ನಮ್ಮೂರಿಗೆ ಬಂದಿದ್ದ ಪ್ರೊಫೆಸರು, ಮಂಡಳಿಯ ಅಧ್ಯಕ್ಷರು. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡಿದರು.

"ನೋಡಮ್ಮ, ಇಲ್ಲಿ ಜಪಾನೀ ಕಚೇರಿ ನಡೆಯುತ್ತೆ. ಇದನ್ನೆಲ್ಲ ಇನ್ನೆರಡು ದಿನದಲ್ಲಿ ತೆಗೆದುಬಿಡಿ."

ಅವ್ವಿ ಮೀನು ಮಗುಚುತ್ತಿದ್ದವಳು ತಲೆ ಎತ್ತಿದಳು. "ಎಂತ ಕಚೇರಿ?"

"ಜಪಾನೀ ಶಾಸ್ತ್ರೀಯ ಸಂಯೋಜಕರ ಕಚೇರಿ. ನಿಮಗೆ ಅರ್ಥವಾಗಲ್ಲ, ಬಿಡಿ. ಜಾಗದ ಒಡೆಯರು ಒಪ್ಪಿದ್ದಾರೆ. ಈ ಗಬ್ಬು ವಾಸನೆ ಮಾತ್ರ ಇರಕೂಡದು."

ಇಷ್ಟು ಹೇಳಿ ಹೋದರು. ಇಡೀ ಅನಾಹುತ ಹುಟ್ಟಿದ್ದು ಆ ಎರಡು ಶಬ್ದಗಳಿಂದ, ಅವರು ಬಿಡಿಸಿ ಹೇಳದೆ ಬಿಟ್ಟ ಕಾರಣದಿಂದ. ಮೈಸೂರು ಕಡೆ ಹಾಡುಗಾರಿಕೆಗೆ ಕಚೇರಿ ಎನ್ನುತ್ತಾರೆ. ನಮ್ಮ ಕಡೆ ಅದಕ್ಕೆ ಗಾಯನ ಎನ್ನುತ್ತಿದ್ದರು, ಇಲ್ಲವೇ ಬೈಠಕ್. ಕಚೇರಿ ಅಂದರೆ ಮಾಮಲೇದಾರರು, ಎಂದರೆ ತಹಶೀಲ್ದಾರರು, ಕೂರುವ ಜಾಗ, ಅರ್ಜಿ ಹಿಡಿದು ಬಿಸಿಲಲ್ಲಿ ನಿಲ್ಲುವ ಜಾಗ. ಇನ್ನು ಸಂಯೋಜಕರು! ರಾಗ ಕಟ್ಟುವವನಿಗೆ ಪ್ರೊಫೆಸರರು ಆ ಹೆಸರು ಇಟ್ಟಿದ್ದರು. ನಾಲ್ಕು ಅಕ್ಷರ ಕಲಿತ ನನಗೂ ಗೊತ್ತಿದ್ದ ಸಂಯೋಜಕರೆಂದರೆ ಶಿಬಿರಗಳಲ್ಲಿ ಎದೆಗೆ ಬಿಲ್ಲೆ ಚುಚ್ಚಿಕೊಂಡು ಹಾಜರಿ ತೆಗೆದುಕೊಳ್ಳುವ ಅಧಿಕಾರಿ. ಜಪಾನೀ ಸಂಯೋಜಕರ ಕಚೇರಿ ಅಂದರೆ ಜಪಾನಿನ ಅಧಿಕಾರಿಗಳ ಆಫೀಸು. ಬೇರೆ ಎಂತ ಅರ್ಥ ಬರಬೇಕಿತ್ತು?

ಅಂಥ ಆಫೀಸು ಬರುವುದರಲ್ಲಿ ನಮಗೆ ಆಶ್ಚರ್ಯವೂ ಇರಲಿಲ್ಲ. ನೈಲಾನ್ ನೂಲು ಜಪಾನಿನದು ಎನ್ನುತ್ತಿದ್ದರು, ಬೋಟಿನ ಇಂಜಿನ್ ಜಪಾನಿನದು ಎನ್ನುತ್ತಿದ್ದರು. ನಮ್ಮ ಮೀನು ಬಳಿದುಕೊಂಡು ಹೋದ ಮೇಲೆ ದಡದಲ್ಲೇ ಬಂದು ಕೂರುತ್ತಿದ್ದಾರೆ ಎಂದು ಕೇರಿಯಲ್ಲಿ ಮಾತು ಹಬ್ಬಿತು. ಮರುದಿನ ಬಾಡಿಗೆ ಕಾರಿಗೆ ಮೈಕು ಕಟ್ಟಿಕೊಂಡು ಒಬ್ಬ "ಜಪಾನ್ ಕಚೇರಿ! ಜಪಾನ್ ಕಚೇರಿ!" ಎಂದು ಕೂಗುತ್ತ ಹೋದ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲಿನ ಕಾಗದ ಓದಿ ಬಂದ ನಾನು, "ಸಂಗೀತ ಅಂತಲೂ ಬರೆದ್ರು ಅವ್ವೀ" ಎಂದೆ.

ಪಕ್ಕದ ಮನೆಯ ಸೋಮಿ ಅತ್ತೆ ಅದಕ್ಕೆ ಉತ್ತರ ಇಟ್ಟುಕೊಂಡೇ ಇದ್ದಳು. "ಸೊಸೈಟಿ ಆಪೀಸು ಸುರು ಮಾಡೂ ದಿನ ಹಾಡು ಹೇಳ್ಸಲಿಲ್ವಾ? ಇದೂ ಹಾಂಗೇ. ಮೊದ್ಲು ಹಾಡು, ಕಡೆಗೆ ಆಪೀಸು."

ನನಗೂ ಅದು ಸರಿ ಎನಿಸಿತು.

ಮಾಲಿಕೆಯ ಮೊದಲನೆಯದು ಕುಮಟೆಯಲ್ಲಿ ನಡೆಯಿತು. ಧಾರೇಶ್ವರದಲ್ಲಿದ್ದ ನನ್ನ ಚಿಕ್ಕಿ ನೋಡಲು ಹೋಗಿ, ಮರುದಿನವೇ ಬಸ್ಸು ಹತ್ತಿ ವರದಿ ತಂದಳು. "ಉದ್ದ ಹಲಗೆಗೆ ತಂತಿ ಕಟ್ಟಿದ್ರು. ಒಬ್ಬ ಮುದ್ಕ ಅದನ್ನ ಮೀಟ್ತಾ ಕೂತಿದ್ದ. ಯಾರ ಅರ್ಜಿನೂ ತಗಳಲಿಲ್ಲ."

"ಯಾರಾದ್ರೂ ಕೊಟ್ರಾ?" ಎಂದು ಅವ್ವಿ ಕೇಳಿದಳು.

"ಇಲ್ಲ."

"ಕೊಡದೆ ಹ್ಯಾಂಗೆ ತಗಳ್ತಾರೆ?" ಎಂದಳು ಅವ್ವಿ. ಅಲ್ಲಿಗೆ ತೀರ್ಮಾನವಾಯಿತು. ನಾನು ಅರ್ಜಿ ಬರೆದುಕೊಡುತ್ತೇನೆಂದೆ. ಅವ್ವಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಗದ ಕೊಟ್ಟರೆ ಮೇಜಿನ ಒಳಗೆ ಹೋಗುತ್ತದೆ, ಬಾಯಲ್ಲಿ ಹೇಳಿದರೆ ಕಿವಿಯೊಳಗಾದರೂ ಹೋಗುತ್ತದೆ ಎನ್ನುವುದು ಅವಳ ಅನುಭವ.

ಹೊನ್ನಾವರದ ದಿನ ನಾವು ಹೊತ್ತು ಇಳಿಯುವ ಮೊದಲೇ ಹೋದೆವು. ನಮ್ಮದೇ ಮರಳಿನ ಮೇಲೆ ಹಲಗೆಯ ವೇದಿಕೆ ಎದ್ದಿತ್ತು. ಮಡಲು, ತಟ್ಟಿ, ಉಪ್ಪಿನ ತೊಟ್ಟಿ ಎಲ್ಲವನ್ನೂ ಎತ್ತಿ ಚರಂಡಿಯ ಪಕ್ಕಕ್ಕೆ ಎಸೆದಿದ್ದರು. ಮುಂದಿನ ಕುರ್ಚಿಗಳು ದೊಡ್ಡವರಿಗೆ. ನಾವು ಕುರ್ಚಿಗಿಂತಲೂ ಮುಂದೆ, ವೇದಿಕೆಯ ಬುಡದಲ್ಲೇ ಮರಳ ಮೇಲೆ ಕುಳಿತೆವು. ಒಬ್ಬ ಕಾರ್ಯಕರ್ತ ಹಿಂದೆ ಹೋಗಿ ಎಂದ. "ಅರ್ಜಿ ಕೊಡೂದದೆ" ಎಂದಳು ಸೋಮಿ ಅತ್ತೆ. ಅವನು ಏನೂ ತಿಳಿಯದೆ ಕುರ್ಚಿಗಳ ಕಡೆ ಹೋದ.

ಜಪಾನಿನವರು ಬಂದರು. ತೆಳ್ಳಗಿನ ವಯಸ್ಸಾದ ಮನುಷ್ಯ, ಬೂದು ಬಣ್ಣದ ನಿಲುವಂಗಿ. ವಾದ್ಯದ ಹೆಸರು ಕೋಟೊ ಎಂದು ಪ್ರೊಫೆಸರರು ಮೈಕಿನಲ್ಲಿ ಹೇಳಿದರು. ಪ್ರತಿ ತುಣುಕಿನ ಮೊದಲು ಎದ್ದು ನಿಂತು ತಾಳಮದ್ದಳೆಯವರ ಹಾಗೆ ಅರ್ಥ ಹೇಳುತ್ತಿದ್ದರು. ತಾಳಮದ್ದಳೆಯಲ್ಲಾದರೆ ಅರ್ಥ ಹೇಳುವವನ ಮಾತು ಅರ್ಥವಾಗುತ್ತದೆ. ಇವರು "ಈಗ ಮೊದಲನೆಯ ಸಂಯೋಜಕರು" ಎಂದಾಗ ನಮ್ಮ ಸಾಲಿನವರೆಲ್ಲ ಯಾರು ಬರುತ್ತಾರೆ ಎಂದು ಬಾಗಿಲ ಕಡೆ ಕತ್ತು ತಿರುಗಿಸಿದರು. ಯಾರೂ ಬರಲಿಲ್ಲ. ಅದೇ ಮುದುಕ ಮೀಟಿದ. "ಈಗ ಎರಡನೆಯ ಸಂಯೋಜಕರು" ಎಂದರು. ಮತ್ತೆ ತಿರುಗಿದೆವು. ಮತ್ತೆ ಅದೇ ಮುದುಕ.

"ಎಲ್ಲಾ ರಜೆ ಮೇಲೆ ಹೋಗಿರ್ಬೇಕು. ಇವನೇ ಚಾರ್ಜಿನಲ್ಲಿದ್ದ" ಎಂದಳು ಸೋಮಿ ಅತ್ತೆ.

ಸುಳ್ಳು ಹೇಳುವುದಿಲ್ಲ, ಸಂಗೀತ ಚೆನ್ನಾಗಿತ್ತು. ಒಂದು ಸ್ವರ ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಆ ಮನುಷ್ಯ ಎಷ್ಟು ಹೊತ್ತು ಸುಮ್ಮನಿರುತ್ತಿದ್ದನೆಂದರೆ, ಅಳಿವೆಯ ನೀರು ದೋಣಿಗೆ ಬಡಿಯುವುದು ಕೇಳುತ್ತಿತ್ತು. ನನ್ನ ಒಡೆದ ಬೆರಳುಗಳ ಉರಿ ಸ್ವಲ್ಪ ಹೊತ್ತು ಮರೆತೇ ಹೋಯಿತು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಮ್ಮ ತಟ್ಟಿ ಚರಂಡಿಗೆ ಎಸೆದು, ಅದೇ ಮರಳ ಮೇಲೆ ಕೂರಿಸಿ, ಅಷ್ಟು ಚೆಂದದ್ದನ್ನು ಕೇಳಿಸುವ ಹಕ್ಕು ಅವರಿಗೆ ಯಾರು ಕೊಟ್ಟಿದ್ದು?

ಚಪ್ಪಾಳೆ ಬಿದ್ದು ಆ ಮನುಷ್ಯ ಕೈ ಒರೆಸಿಕೊಳ್ಳುತ್ತಿದ್ದಾಗ ಅವ್ವಿ ಎದ್ದು ನಿಂತಳು. ಬಲಗೈ ಎತ್ತಿದಳು. ಆ ಫೋಟೋ ತೆಗೆದದ್ದು ಆಗಲೇ.

"ಸಾಯ್ಬ್ರೇ, ನಾನು ನಾಗಿ. ಇದು ನಾವು ಮೀನು ಒಣಗ್ಸೂ ಜಾಗ. ನಿಮ್ಗೆ ಕಚೇರಿ ಇಲ್ಲೇ ಬೇಕು ಅಂದ್ರೆ ಆ ಮೂಲೆಲಿ ಕಟ್ಕಣಿ, ನಾವು ಬ್ಯಾಡ ಅನ್ನುದಿಲ್ಲ. ಬಿಸ್ಲು ಬೀಳೂ ಈ ಬದಿ ನಮ್ಗೆ ಬಿಡಿ. ಇಡೀ ಕೇರಿ ಇದ್ರಲ್ಲೇ ಉಣ್ಣೂದು. ಈ ಬಿಸ್ಲು ಹೋದ್ರೆ ನಮ್ಗೆ ಮಳ್ಗಾಲ ಇಲ್ಲ."

ಕುರ್ಚಿಯಲ್ಲಿದ್ದವರು ಗುಸುಗುಸು ಎಂದರು. ಯಾರೋ ನಕ್ಕರು. ಜಪಾನಿನವರು ಅವ್ವಿಯನ್ನೇ ನೋಡುತ್ತಿದ್ದರು, ಆಮೇಲೆ ಪ್ರೊಫೆಸರರ ಕಡೆ ತಿರುಗಿ ಏನೋ ಕೇಳಿದರು. ಪ್ರೊಫೆಸರರು ಬಗ್ಗಿ ಅವರ ಕಿವಿಯ ಹತ್ತಿರ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರು. ಮೈಕು ದೂರವಿತ್ತು, ನಮಗೆ ಕೇಳಲಿಲ್ಲ. ಜಪಾನಿನವರ ಮುಖ ಅರಳಿತು. ಎರಡೂ ಅಂಗೈಯನ್ನು ಹಲಗೆಗೆ ಊರಿ, ಹಣೆ ನೆಲಕ್ಕೆ ಮುಟ್ಟುವಷ್ಟು ಬಗ್ಗಿ, ಅವ್ವಿಗೆ ತಲೆ ಬಾಗಿಸಿದರು.

ಯಾವ ಮಾಮಲೇದಾರನೂ ನನ್ನ ಅವ್ವಿಗೆ ಹಾಗೆ ತಲೆ ಬಾಗಿಸಿದ್ದಿಲ್ಲ. ಅವಳು ಎತ್ತಿದ ಕೈ ಇಳಿಸಿದಳು. "ಆತು" ಎಂದಳು. "ಏಳಿ, ಹೋಗ್ವಾ. ಅಂವ ಒಪ್ಪಿದ."

ಮನೆಗೆ ಹೋಗುವ ದಾರಿಯಲ್ಲಿ ನಕ್ಕದ್ದು ನೆನಪಿದೆ. ಸೋಮಿ ಅತ್ತೆ ಜಪಾನಿನವರ ಹಾಗೆ ನೆಲಕ್ಕೆ ಬಗ್ಗಿ ತೋರಿಸಿದಳು. ಆ ವರ್ಷ ನಮ್ಮ ಕೇರಿಯ ಹೆಂಗಸರು ಬಾಯಿ ತುಂಬ ನಕ್ಕದ್ದು ಅದೊಂದೇ ಸಲ.

ಬೆಳಗಾಗುತ್ತಿದ್ದಂತೆ ಚರಂಡಿಯ ಪಕ್ಕದಿಂದ ತಟ್ಟಿ ಎತ್ತಿ ತಂದು, ತೊಳೆದು, ಮನೆಯಲ್ಲಿ ಉಪ್ಪು ಹಾಕಿಟ್ಟಿದ್ದ ಬಂಗಡೆಯನ್ನೆಲ್ಲ ಹರಡಿದೆವು. ಉಳಿದ ದುಡ್ಡನ್ನೆಲ್ಲ ಸುರಿದು ಕೊಂಡಿದ್ದ ಮೀನು ಅದು. ಬಿಸಿಲು ಚುರುಕಾಗುವ ಹೊತ್ತಿಗೆ ಮಂಡಳಿಯ ಆಳುಗಳು ಬಂದರು. ಮಾತಿಲ್ಲ, ಕತೆಯಿಲ್ಲ, ಮಡಲು ಸಮೇತ ಎತ್ತಿ ಗುಡ್ಡೆ ಹಾಕಿದರು. ತೊಳೆದು ಮತ್ತೆ ಒಣಗಿಸಬಾರದೆಂದು ಆ ಗುಡ್ಡೆಯ ಮೇಲೆ ಡಬ್ಬದಿಂದ ಫಿನೈಲ್ ಸುರಿದರು. ಬಿಳಿ ನೀರು ಬಂಗಡೆಯ ಕಣ್ಣಿನ ಮೇಲೆ ಇಳಿದು ಹೋಯಿತು. ಅವ್ವಿ ಒಬ್ಬನ ಕುತ್ತಿಗೆಗೆ ಕೈ ಹಾಕಿದಳು, ನಾನು ಹಿಡಿದು ಎಳೆದೆ. ಅನಂತರಾಮಯ್ಯನವರು ರಸ್ತೆಯ ಮೇಲೆ ನಿಂತಿದ್ದರು.

"ಸಾಯ್ಬ್ರು ಒಪ್ಪಿದ್ರು! ಎಲ್ಲರೆದುರು ತಲೆ ಬಗ್ಸಿದ್ರು!" ಎಂದು ಅವ್ವಿ ಕೂಗಿದಳು.

"ಕಚೇರಿ ನಿನ್ನೆಗೇ ಮುಗೀತಲ್ಲಮ್ಮ" ಎಂದರು ಅವರು.

"ಒಂದು ದಿನಕ್ಕೆ ಮುಗಿಯೂ ಕಚೇರಿ ಯಾವ ಊರಲ್ಲಿ ಅದೆ? ಮುಗಿದ್ರೆ ಜಾಗ ಬಿಡಿ."

"ಇಲ್ಲಿ ರಂಗಮಂದಿರ ಬರುತ್ತೆ, ಒಡೆಯರು ಜಾಗ ಮಂಡಳಿಗೆ ಕೊಟ್ಟಿದ್ದಾರೆ. ಜಪಾನಿನವರು ನಿನ್ನೆಯೇ ಭಟ್ಕಳಕ್ಕೆ ಹೋದರು. ಸುಮ್ಮನೆ ಗಲಾಟೆ ಮಾಡಬೇಡಿ."

ಅವ್ವಿಗೆ ಆಫೀಸುಗಳ ರೀತಿ ಗೊತ್ತಿತ್ತು. ಸಾಹೇಬರು ಮಂಜೂರು ಮಾಡುತ್ತಾರೆ, ಕೆಳಗಿನವರು ಅಡ್ಡಗಾಲು ಹಾಕುತ್ತಾರೆ. ಸಾಹೇಬರ ಕ್ಯಾಂಪು ಭಟ್ಕಳದಲ್ಲಿದ್ದರೆ ಭಟ್ಕಳಕ್ಕೇ ಹೋಗಬೇಕು. ಫಿನೈಲ್ ತಾಗಿದ ಬಂಗಡೆ ನಾಲ್ಕನ್ನು ಸಾಕ್ಷಿಗೆಂದು ಬುಟ್ಟಿಗೆ ಹಾಕಿಕೊಂಡು, ಸೋಮಿ ಅತ್ತೆಯನ್ನೂ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. ಕಂಡಕ್ಟರ್ ವಾಸನೆ ಎಂದು ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕಿಸಿದ. ಮಾವಳ್ಳಿ ದಾಟುವವರೆಗೂ ಅವ್ವಿ ಅವನನ್ನೂ ಅವನ ಮನೆತನವನ್ನೂ ಬೈಯುತ್ತಲೇ ಇದ್ದಳು.

ಭಟ್ಕಳದಲ್ಲಿ ಇಸ್ಮಾಯಿಲ್ ಸಾಹೇಬರ ಅಂಗಡಿ ಇತ್ತು. ವರ್ಷವೂ ಅವ್ವಿಯಿಂದ ಒಣಮೀನು ಕೊಳ್ಳುವವರು. ಹರೆಯದಲ್ಲಿ ಹಡಗಿನಲ್ಲಿ ಕೆಲಸ ಮಾಡಿ ಊರೂರು ತಿರುಗಿದವರು, ಇಂಗ್ಲಿಷು ಗೊತ್ತಿತ್ತು. ಅವ್ವಿ ಹೇಳಿದ್ದನ್ನೆಲ್ಲ ಕೇಳಿ, ಬುಟ್ಟಿ ಮೂಸಿ ಮುಖ ಕಿವುಚಿದರು. "ಅರೆ ನಾಗಿಬಾಯಿ, ಇದು ಹರಾಮ್ ಕೆಲಸ. ನಡಿ, ನಾನು ಬರ್ತೇನೆ" ಎಂದು ಅಂಗಡಿ ಬಾಗಿಲು ಎಳೆದುಕೊಂಡರು.

ಶಾಲೆಯ ಸಭಾಂಗಣದಲ್ಲಿ ಸಂಜೆಯ ತಯಾರಿ ನಡೆದಿತ್ತು. ಜಪಾನಿನವರು ಒಬ್ಬರೇ ಕೂತು ತಂತಿ ಎತ್ತಿ ಹಿಡಿಯುವ ಪುಟ್ಟ ಕುದುರೆಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ಅವ್ವಿಯನ್ನು ಕಂಡು ಗುರುತು ಹಿಡಿದು ಎದ್ದು ನಿಂತು ನಕ್ಕರು. ಇಸ್ಮಾಯಿಲ್ ಸಾಹೇಬರು ಮಾತಾಡತೊಡಗಿದರು. ಆ ಮನುಷ್ಯನ ಮುಖದ ನಗೆ ಒಂದೊಂದೇ ಮಾತಿಗೆ ಇಳಿಯುತ್ತ ಬಂದದ್ದನ್ನು ನಾನು ನೋಡಿದೆ. ಬುಟ್ಟಿಯೊಳಗೆ ಬಗ್ಗಿ ನೋಡಿದರು. ಒಂದು ಬಂಗಡೆಯನ್ನು ಕೈಯಲ್ಲಿ ಎತ್ತಿಕೊಂಡರು.

ಇಸ್ಮಾಯಿಲ್ ಸಾಹೇಬರು ನಮ್ಮ ಕಡೆ ತಿರುಗಿದರು. "ನಾಗಿಬಾಯಿ, ಇವ್ರು ಸಾಹೇಬ್ ಅಲ್ಲ. ಬಾಜಾ ಬಾರಿಸೋರು. ಇವರ ಹತ್ರ ಆಫೀಸ್ ಇಲ್ಲ, ಜಾಗ ಕೊಡೋ ಹುಕುಂ ಇಲ್ಲ. ನಿನ್ನೆ ನೀನು ಹೇಳಿದ್ದು ಇವರಿಗೆ ಗೊತ್ತೇ ಇಲ್ಲ. ನಿಮ್ಮ ಸಂಗೀತ ಕೇಳಿ ಈ ಹೆಂಗಸಿಗೆ ಬಹಳ ಖುಷಿಯಾಗಿದೆ, ಮತ್ತೆ ಬನ್ನಿ ಅಂತಾಳೆ, ಹಾಗೆ ಹೇಳಿದ್ರಂತೆ ಪ್ರೊಫೆಸರು."

ಅಷ್ಟರಲ್ಲಿ ಅನಂತರಾಮಯ್ಯನವರು ಒಳಗೆ ಬಂದರು. ಇಸ್ಮಾಯಿಲ್ ಸಾಹೇಬರು ನೇರವಾಗಿ ಕೇಳಿಯೇ ಬಿಟ್ಟರು. ಪ್ರೊಫೆಸರರು ಶಾಲು ಸರಿಮಾಡಿಕೊಂಡರು. "ವಿದೇಶದಿಂದ ಬಂದ ಅತಿಥಿಗಳ ಮುಂದೆ ಮೀನಿನ ವಿಷಯ ತೆಗೆಯೋಕಾಗುತ್ತೇನ್ರೀ? ಅನುವಾದದಲ್ಲಿ ಸ್ವಲ್ಪ ಸೌಜನ್ಯ ಬಳಸಿದೆ, ಅಷ್ಟೇ" ಎಂದರು.

ಸೌಜನ್ಯ! ಆಮೇಲೆ ನಾನು ಜೀವನವಿಡೀ ಮಕ್ಕಳಿಗೆ ಕನ್ನಡ ಕಲಿಸಿದೆ. ಆ ಶಬ್ದ ಪಾಠದಲ್ಲಿ ಬಂದಾಗಲೆಲ್ಲ ನನ್ನ ಧ್ವನಿ ಗಡುಸಾಗುತ್ತಿತ್ತು.

ಅವ್ವಿ ಪ್ರೊಫೆಸರರ ಕಡೆ ನೋಡಲೂ ಇಲ್ಲ. "ಹಾಂಗಾರೆ ಸಂಯೋಜಕರು ಅಂಬವ್ರು ಎಲ್ಲಿದ್ರು? ಅವ್ರ ಹತ್ರವೇ ಹೇಳ್ತೆ" ಎಂದಳು.

ಇಸ್ಮಾಯಿಲ್ ಸಾಹೇಬರು ಕೇಳಿ ಹೇಳಿದರು. "ಅವರೆಲ್ಲ ಸತ್ತು ತುಂಬ ಕಾಲ ಆಯ್ತಂತೆ. ಅವರು ಕಟ್ಟಿಟ್ಟ ರಾಗ ಇವರು ಬಾರಿಸ್ತಾರಂತೆ."

ಅವ್ವಿ ಬುಟ್ಟಿ ಕೆಳಗಿಟ್ಟಳು. "ಸತ್ತವ್ರ ಕಚೇರಿಯಾ ಇದು?" ಎಂದಳು. "ಸತ್ತ ಜಪಾನಿನವ್ರಿಗೆ ನಮ್ಮೂರಲ್ಲಿ ಜಾಗ ಅದೆ. ಬದ್ಕಿದ್ದ ನಮ್ಗೆ ಇಲ್ಲ."

ಇಸ್ಮಾಯಿಲ್ ಸಾಹೇಬರು ಅದನ್ನೂ ಇಂಗ್ಲಿಷಿಗೆ ತಂದರು, ಸೌಜನ್ಯ ಬೆರೆಸದೆ. ಜಪಾನಿನವರು ಕೈಯಲ್ಲಿದ್ದ ಬಂಗಡೆಯನ್ನು ಮೆಲ್ಲಗೆ ಬುಟ್ಟಿಗಿಟ್ಟು ಏನೋ ಹೇಳಿದರು. ಅವರ ಊರೂ ಕಡಲ ದಡದ್ದಂತೆ, ಅಲ್ಲಿಯೂ ಹೀಗೆಯೇ ಮೀನು ಒಣಗಿಸುತ್ತಾರಂತೆ, ಅವರ ತಾಯಿಯೂ ಒಣಗಿಸುತ್ತಿದ್ದರಂತೆ.

"ಅಲ್ಲಿ ಯಾರಾದ್ರೂ ಫಿನೈಲ್ ಹೊಯ್ತಾರಾ ಕೇಳಿ" ಎಂದಳು ಅವ್ವಿ.

ಆ ಮನುಷ್ಯ ಹಿಂದಕ್ಕೆ ಒಂದು ಹೆಜ್ಜೆ ಇಟ್ಟು, ಕೈ ಎರಡನ್ನೂ ತೊಡೆಯ ಮೇಲೆ ತಂದು, ಸೊಂಟದಿಂದ ಬಗ್ಗಲು ಹೊರಟರು. ಅವ್ವಿ ಕೈ ಅಡ್ಡ ಮಾಡಿದಳು.

"ಬ್ಯಾಡ ಅನ್ನಿ. ಮತ್ತೆ ತಲೆ ಬಗ್ಸೂದು ಬ್ಯಾಡ. ಒಂದ್ಸಲ ಬಗ್ಸಿದ್ದಕ್ಕೇ ಇಷ್ಟಾತು."

ಆ ಸಂಜೆ ಭಟ್ಕಳದಲ್ಲಿ ಸಂಗೀತ ನಡೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನಾವು ಆಗಲೇ ಬಸ್ಸಿನಲ್ಲಿದ್ದೆವು. ಬುಟ್ಟಿಯನ್ನು ಅವ್ವಿ ಆ ಸಭಾಂಗಣದಲ್ಲೇ ಬಿಟ್ಟು ಬಂದಿದ್ದಳು. ಮರೆತದ್ದಲ್ಲ, ಇಟ್ಟು ಬಂದದ್ದು. ದಾರಿಯುದ್ದಕ್ಕೂ ಅವಳು ಬೈಯಲಿಲ್ಲ. ನನಗೆ ಅದಕ್ಕೇ ಹೆಚ್ಚು ಭಯವಾಯಿತು.

ಬೇಸಿಗೆ ಬರುವುದರೊಳಗೆ ಮರಳಿಗೆ ತಂತಿ ಬೇಲಿ ಬಿತ್ತು. ಹೆಂಗಸರು ರಸ್ತೆಯ ಅಂಚಿನಲ್ಲಿ ಮೀನು ಹರಡಿ ನೋಡಿದರು. ಲಾರಿಯ ಧೂಳು ಬಡಿದ ಮೀನನ್ನು ಇಸ್ಮಾಯಿಲ್ ಸಾಹೇಬರೂ ಕೊಳ್ಳಲಾರದೆ ಹೋದರು. ಅವರನ್ನು ದೂರುವುದಿಲ್ಲ, ಹಲ್ಲಿಗೆ ಮರಳು ಸಿಕ್ಕಿದರೆ ಯಾರು ತಿನ್ನುತ್ತಾರೆ? ಸೋಮಿ ಅತ್ತೆ ಮಗಳ ಮನೆಗೆ ಹೋದಳು. ಆ ಮಳೆಗಾಲ ನಾವು ಒಂದು ಹೊತ್ತು ಗಂಜಿ ಕುಡಿದು ಕಳೆದೆವು. ಆಮೇಲೆ ನನ್ನ ಆರ್ಡರ್ ಬಂತು, ಮನೆ ನಡೆಯಿತು. ಅವ್ವಿ ಮಾತ್ರ ಹಸಿಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮನೆ ಮನೆ ತಿರುಗಿದಳು, ಕುತ್ತಿಗೆ ಸೋಲುವವರೆಗೆ. ಒಣಗಿಸುವ ಕೆಲಸಕ್ಕೆ ಮತ್ತೆ ಕೈ ಹಾಕಲಿಲ್ಲ. ನಾನು ಸಂಬಳದಲ್ಲಿ ಒಂದು ರೇಡಿಯೋ ತಂದಿದ್ದೆ. ಅದರಲ್ಲಿ ಶಾಸ್ತ್ರೀಯ ಸಂಗೀತ ಬಂದರೆ ಸಾಕು, ಒಳಗಿನಿಂದ ಕೂಗುತ್ತಿದ್ದಳು: "ಆ ಕಚೇರಿ ಬಂದ್ ಮಾಡೇ. ಅವ್ರು ಅರ್ಜಿ ತಗಳೂದಿಲ್ಲ."

ಪ್ರಶಾಂತನಿಗೆ ಇದನ್ನೆಲ್ಲ ಅಲ್ಲೇ, ಫೋಟೋದ ಎದುರಿಗೇ ಹೇಳಿದೆ. ಅವನು ಒಳ್ಳೆಯ ಹುಡುಗ, ಕೆಂಪಾದ. ಆ ಬರಹವನ್ನು ಬದಲಾಯಿಸು ಎಂದೆ. ಅವನು ತಲೆ ಕೆರೆದುಕೊಂಡ, ಆಚೀಚೆ ನೋಡಿದ.

"ನಾನೊಬ್ಬನೇ ಹ್ಯಾಂಗೆ ಮಾಡೂದು ಅಕ್ಕೋರೇ? ನೀವು ಮಂಡಳಿಗೆ ಒಂದು ಅರ್ಜಿ ಬರೆದು ಕೊಡಿ. ಮೀಟಿಂಗಿನಲ್ಲಿ ಇಡ್ತೆ" ಎಂದ.

ಅವ್ವಿ ಇದ್ದಿದ್ದರೆ ಬಾಯಲ್ಲೇ ಕೊಡುತ್ತಿದ್ದಳು. ನಾನು ಅಕ್ಷರ ಕಲಿತವಳು, ಬರೆದು ಕೊಡುತ್ತಿದ್ದೇನೆ. ಪ್ರಶಾಂತ, ನೀನು ಕೇಳಿದ ಸವಿನೆನಪೂ ಇದೇ, ಅರ್ಜಿಯೂ ಇದೇ. ಫೋಟೋ ಅಲ್ಲೇ ಇರಲಿ, ತೆಗೆಯುವುದು ಬೇಡ. ಕೆಳಗಿನ ಬಂಗಾರದ ಅಕ್ಷರ ಮಾತ್ರ ಕೆರೆಸಿ ಹಾಕು. ಅಲ್ಲಿ ಹೀಗೆ ಬರೆಸು: ಇವಳು ನಾಗಿ. ಮೀನು ಒಣಗಿಸಲು ಜಾಗ ಕೇಳುತ್ತಿದ್ದಾಳೆ.